ಪ್ಲಗ್ಗಿಗೆ ಹಚ್ಚುವ ಬೆಣ್ಣೆ

ಮರಿಸ್ವಾಮಿಯ ಗ್ಯಾರೇಜಿಗೆ ಬೋರ್ಡು ಅಂತ ಒಂದಿರಲಿಲ್ಲ. ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಬರುವ ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ ನಾಲ್ಕು ಸ್ಕೂಟರು, ಹೊಟ್ಟೆ ಬಿಚ್ಚಿಕೊಂಡ ಒಂದು ಮೊಪೆಡ್ಡು, ಅದರ ಹಿಂದೆ ತಗಡಿನ ಶೆಡ್ಡು ಕಂಡರೆ ಅದೇ ಗ್ಯಾರೇಜು. ಬೋರ್ಡು ಬರೆಸಿ ಅಂತ ಹೆಂಡತಿ ವಸಂತಮ್ಮ ಹತ್ತು ವರ್ಷದಿಂದ ಹೇಳುತ್ತಿದ್ದಳು. "ಶಿವಲಿಂಗಯ್ಯ ಸಾರ್ ಇರೋಗಂಟ ನಂಗ್ಯಾಕೆ ಬೋರ್ಡು" ಅಂತ ಅವನೂ ಹತ್ತು ವರ್ಷದಿಂದ ಹೇಳುತ್ತಿದ್ದ.

ಮಾತು ನಿಜವೇ. ಸರ್ವೆ ಇಲಾಖೆಯಲ್ಲಿ ಊರೂರು ಅಳೆದು, ಸೂಪರಿಂಟೆಂಡೆಂಟಾಗಿ ರಿಟೈರಾದ ಶಿವಲಿಂಗಯ್ಯನವರು ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ವಾಕಿಂಗ್ ಹೊರಟರೆಂದರೆ ಎದುರಿಗೆ ಸಿಕ್ಕವರ ಆರೋಗ್ಯ ಕೇಳುವುದರ ಜೊತೆಗೆ ಅವರ ಗಾಡಿಯ ಆರೋಗ್ಯವನ್ನೂ ಕೇಳುತ್ತಿದ್ದರು. "ಏನ್ರೀ, ನಿಮ್ಮ ಸ್ಕೂಟರ್ ಯಾಕೋ ಕೆಮ್ಮುತ್ತಾ ಹೋಯ್ತಲ್ಲ ನಿನ್ನೆ. ಮರಿಸ್ವಾಮಿ ಹತ್ತಿರ ಬಿಡಿ. ನನ್ನ ಫಿಯಟ್ಟಿಗೆ ಇಪ್ಪತ್ತೆರಡು ವರ್ಷ, ಹದಿನೈದು ವರ್ಷದಿಂದ ಅವನೊಬ್ಬನದೇ ಕೈ." ಹೀಗೆ ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ಹೇಳಿದ ಮಾತನ್ನು ಜನ ಕೇಳುತ್ತಲೂ ಇದ್ದರು, ಯಾಕೆಂದರೆ ಅವರು ಸುಳ್ಳು ಹೇಳಿದ್ದನ್ನು ಆ ಬೀದಿ ನೋಡಿರಲಿಲ್ಲ. ಯಾರದೋ ಗೋಡೆ ಒಂದಡಿ ರಸ್ತೆಗೆ ಬಂದಿದ್ದರೆ, ಆ ಮನೆಯವರು ಕೊಟ್ಟ ಕಾಫಿ ಕುಡಿಯುತ್ತಲೇ ಅದನ್ನು ಹೇಳಿ ಬರುವ ಮನುಷ್ಯ.

ಮರಿಸ್ವಾಮಿಗೆ ಒಂದು ಅಭ್ಯಾಸವಿತ್ತು. ಯಾವ ಗಾಡಿಗೇ ಆಗಲಿ, ಸ್ಪಾರ್ಕ್ ಪ್ಲಗ್ ಹಾಕುವ ಮುಂಚೆ ಗೂಡಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಚೂರು ಪೇಸ್ಟ್ ತಗೊಂಡು, ಪ್ಲಗ್ಗಿನ ಥ್ರೆಡ್ಡಿಗೆ, ಅಂದರೆ ತಿರುಪಿನ ಎಳೆಗಳಿಗೆ, ಸುತ್ತಲೂ ತೆಳ್ಳಗೆ ಸವರುವುದು. ತಾಮ್ರದ ಬಣ್ಣದ ಪೇಸ್ಟು. ಅದನ್ನು ಅವನಿಗೆ ಮೊದಲು ಕೊಟ್ಟದ್ದು ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಕ್ಲೌಸ್ ಎಂಬ ಜರ್ಮನಿಯವನು. ಬಗ್ಗಿ ಕಾಲ ಬೆರಳು ಮುಟ್ಟಲು ಆರು ತಿಂಗಳು ತಗೊಂಡ ಆಸಾಮಿ, ಬೈಕಿನ ಇಂಜಿನ್ನನ್ನು ಅರ್ಧ ದಿನದಲ್ಲಿ ಬಿಚ್ಚಿ ಹರಡುತ್ತಿದ್ದ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಮರಿಸ್ವಾಮಿಯ ಶೆಡ್ಡಿನಲ್ಲಿ ಎರಡು ವಾರ ಚೆನ್ನಾಗಿ ಮಾತಾಡಿಕೊಂಡರು. ಹೋಗುವಾಗ ಡಬ್ಬಿ ಬಿಟ್ಟು ಹೋದ. ಅದು ಖಾಲಿಯಾದ ಮೇಲೆ ಮರಿಸ್ವಾಮಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ಅಂಗಡಿ ಅಲೆದು ಅಂಥದ್ದೇ ಒಂದನ್ನು ಹುಡುಕಿ ತಂದಿದ್ದ.

ಗಿರಾಕಿಗಳು ಇದೇನು ಅಂತ ಕೇಳಿದರೆ ಅವನಿಗೆ ಹಬ್ಬ. ಕೈ ಒರೆಸಿಕೊಂಡು ಶುರು ಮಾಡುತ್ತಿದ್ದ. "ನೋಡಿ, ಪ್ಲಗ್ಗು ಉಕ್ಕು. ಇಂಜಿನ್ ಹೆಡ್ಡು ಅಲ್ಯೂಮಿನಿಯಂ, ಮೆತ್ತಗಿರ್ತದೆ. ದಿನಾ ಕಾಯೋದು, ಆರೋದು, ಕಾಯೋದು, ಆರೋದು. ಒಂದ್ ವರ್ಸಕ್ಕೆ ಎರಡೂ ಕಚ್ಕಂಡು ಕೂತ್ಬುಡ್ತವೆ. ಆಮ್ಯಾಕೆ ಬಿಚ್ಚಕ್ಕೋದ್ರೆ ಪ್ಲಗ್ಗು ಒಂದೇ ಬರಲ್ಲ, ಹೆಡ್ಡಿನ ಥ್ರೆಡ್ಡನ್ನೂ ಕಿತ್ಕೊಂಡು ಬತ್ತದೆ. ಇದು ಹಚ್ಚಿದ್ರೆ ಮಧ್ಯದಲ್ಲಿ ಒಂದ್ ಪದ್ರ ಕೂತ್ಕೊಂಡು ಇಬ್ರನ್ನೂ ದೂರ ಇಡ್ತದೆ. ಆದ್ರೆ ಜಾಸ್ತಿ ಮೆತ್ತಬಾರ್ದು, ತುದೀಗೆ ತಾಕಬಾರ್ದು. ಇನ್ನೊಂದು, ಬಿಗಿ ಕಮ್ಮಿ ಮಾಡ್ಬೇಕು. ಜಾರ್ತದಲ್ಲ, ದಿನಾ ಮಾಡೋ ಅಷ್ಟೇ ಜೋರು ಹಾಕುದ್ರೆ ಥ್ರೆಡ್ಡು ಹಿಗ್ಗೋಯ್ತದೆ. ಕೈಲಿ ಕೂರ್ಸಿ, ಆಮೇಲೆ ಒಂದ್ ಕಾಲು ಸುತ್ತು. ಅದುನ್ನ ಕೈಯೇ ಹೇಳ್ಬೇಕು."

ಎದುರುಗಡೆ ಬಣ್ಣದ ಬೋರ್ಡು, ಗಾಜಿನ ಬಾಗಿಲು ಹಾಕಿಸಿದ್ದ ಇನ್ನೊಬ್ಬ ಮೆಕ್ಯಾನಿಕ್ ಸುಂದರೇಶ ಈ ಭಾಷಣವನ್ನು ಇನ್ನೂರು ಸಲ ಕೇಳಿದ್ದ. "ಬೆಣ್ಣೆ ಹಚ್ಚಿದ್ರಾ ಮರಿಯಣ್ಣ? ಸ್ವಲ್ಪ ಸಕ್ಕರೆ ಹಾಕಿ, ಗಾಡಿಗೆ ರುಚಿ ಇರುತ್ತೆ" ಅಂತ ಅಲ್ಲಿಂದಲೇ ಕೂಗುತ್ತಿದ್ದ. ಬೀದಿಯಲ್ಲಿ ಪೇಸ್ಟಿಗೆ ಬೆಣ್ಣೆ ಅಂತಲೇ ಹೆಸರಾಯಿತು. ಮರಿಸ್ವಾಮಿಗೆ ಬೇಜಾರಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಹಾಕಿದ ಪ್ಲಗ್ಗು ಒಂದೂ ಕಚ್ಚಿಕೊಂಡಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ ಜೂನ್ ತಿಂಗಳ ಒಂದು ಗುರುವಾರ ಶಿವಲಿಂಗಯ್ಯನವರ ಫಿಯಟ್ಟು ಕುಂಟುತ್ತಾ ಬಂತು.

"ಮಿಸ್ ಹೊಡೀತಾ ಇದೆ ಕಣಯ್ಯ. ಅಗ್ರಹಾರದ ಸರ್ಕಲ್ಲಿನಲ್ಲಿ ನಿಂತೇಹೋಗಿತ್ತು. ಹಿಂದೆ ಸಿಟಿ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು, ನನ್ನ ಕಿವಿ ಇನ್ನೂ ಗುಂಯ್ ಅಂತಿದೆ."

"ಪ್ಲಗ್ ಇರ್ಬೇಕು ಸಾರ್. ಕೂತ್ಕಳಿ, ಆರ್ಲಿ."

ಬಿಸಿ ಇಂಜಿನ್ನಿನಲ್ಲಿ ಪ್ಲಗ್ ಮುಟ್ಟುವವನಲ್ಲ ಅವನು. ಮುಕ್ಕಾಲು ಗಂಟೆ ಕಾದು, ಸ್ಪ್ಯಾನರ್ ಹಾಕಿ ಮೊದಲನೇ ಪ್ಲಗ್ಗನ್ನು ತಿರುಗಿಸಿದ. ಅದು ಕಿರ್ರ್ ಅಂತು. ಮರಿಸ್ವಾಮಿಯ ಹುಬ್ಬು ಮೇಲೆ ಹೋಯಿತು. ಅವನು ಕೂರಿಸಿದ ಪ್ಲಗ್ಗು ಹಾಗೆ ಕಿರುಚುವುದಿಲ್ಲ, ಬೆರಳಲ್ಲೇ ತಿರುಗಿಕೊಂಡು ಬರಬೇಕು. ಹೊರಗೆ ತೆಗೆದು ನೋಡಿದರೆ ಥ್ರೆಡ್ಡಿನ ಸಂದಿಯಲ್ಲಿ ಬೆಳ್ಳಗೆ ಪುಡಿ. ತಾಮ್ರದ ಬಣ್ಣ ಹುಡುಕಿದರೂ ಇಲ್ಲ. ಎರಡನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಮೂರನೆಯದು ಅಲುಗಲೇ ಇಲ್ಲ.

ಸ್ಪ್ಯಾನರಿಗೆ ಉದ್ದದ ಟಾಮಿ ಸರಳು ಹಾಕಿ ಒಂದು ಸಲ ಒತ್ತಿದ. ಪ್ಲಗ್ಗು ಕೂದಲೆಳೆಯಷ್ಟು ಸರಿಯಿತು. ಆದರೆ ಆ ಸರಿದ ರೀತಿ ಕೈಗೆ ಸೇರಲಿಲ್ಲ. ಹೆಡ್ಡೇ ಹಿಂಡಿದ ಹಾಗೆ. ಇನ್ನೊಂದು ಚೂರು ಜೋರು ಮಾಡಿದರೆ ಥ್ರೆಡ್ಡು ಪ್ಲಗ್ಗಿನ ಜೊತೆ ಬಂದುಬಿಡುತ್ತದೆ ಅಂತ ಬೆರಳು ಹೇಳಿತು. ಸ್ಪ್ಯಾನರ್ ತೆಗೆದು ಕೆಳಗಿಟ್ಟ.

"ಸಾರ್, ಇದುನ್ನ ಯಾರಾದ್ರೂ ಬಿಚ್ಚಿದ್ರಾ?"

"ಯಾರು ಬಿಚ್ಚುತ್ತಾರೆ? ಹೋದ ಸೆಪ್ಟೆಂಬರ್ ಹದಿನೆಂಟಕ್ಕೆ ನೀನೇ ಹಾಕಿದ್ದು. ಆಮೇಲೆ ಬೇರೆ ಮೆಕ್ಯಾನಿಕ್ಕಿನ ಕೈಗೆ ಕೊಟ್ಟಿಲ್ಲ." ಶಿವಲಿಂಗಯ್ಯನವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಯಾಕೆ, ಏನಾಯ್ತು?"

"ಕಚ್ಕೊಂಡದೆ."

ಆ ಒಂದು ಪದ ರಸ್ತೆ ದಾಟಲು ಎರಡು ಕ್ಷಣ ಸಾಕಾಯಿತು. ಸುಂದರೇಶ ಕೈಯಲ್ಲಿದ್ದ ಚಾ ಲೋಟದ ಸಮೇತ ಬಂದ. ಮೂಲೆಯಲ್ಲಿ ಹೂವು ಮಾರುವ ಬೀರಮ್ಮ ಬುಟ್ಟಿ ಬಿಟ್ಟು ಎದ್ದು ಬಂದಳು. ಸುಂದರೇಶ ಬಿಚ್ಚಿದ ಪ್ಲಗ್ಗೊಂದನ್ನು ಎತ್ತಿ ಉಗುರಿನಲ್ಲಿ ಕೆರೆದ. ಬಿಳಿಯ ಪುಡಿ ಉದುರಿತು.

"ಅಲ್ಲಾ ಮರಿಯಣ್ಣ, ಬೆಣ್ಣೆ ಸುಟ್ಟು ಬೂದಿ ಆಗಿದೆಯಲ್ಲ. ಗಾರೆ ಹಾಕಿದ ಹಾಗೆ ಹಿಡ್ಕೊಂಡಿದೆ. ನಾನು ಅವತ್ತೇ ಹೇಳ್ದೆ."

"ಅದು ಸುಟ್ಟು ಬೂದಿ ಆಗೋ ಮಾಲಲ್ಲ ಕಣೋ."

"ಹಾಗಾದ್ರೆ ಹಚ್ಚೋದು ಮರೆತಿರಬೇಕು ನೀವು. ಎರಡರಲ್ಲಿ ಒಂದು ಒಪ್ಕೊಳಿ."

ಮರಿಸ್ವಾಮಿ ಪ್ಲಗ್ಗನ್ನು ಅವನ ಕೈಯಿಂದ ಇಸಿದುಕೊಂಡ. ಸುಂದರೇಶ ತಮಾಷೆಗೆ ಹೇಳಿದ್ದರೂ ಲೆಕ್ಕ ಸರಿಯಾಗಿತ್ತು. ಒಂದೋ ಪೇಸ್ಟು ಕೈಕೊಟ್ಟಿದೆ, ಇಲ್ಲ ತನ್ನ ಕೈ ಕೈಕೊಟ್ಟಿದೆ. ಮೂರನೇ ಕಾರಣ ಏನೂ ತೋಚಲಿಲ್ಲ.

ಶಿವಲಿಂಗಯ್ಯನವರು ಸಿಟ್ಟಾದರೆ ಧ್ವನಿ ಏರಿಸುವವರಲ್ಲ. ಇಲಾಖೆಯ ಪತ್ರ ಓದಿದ ಹಾಗೆ ನಿಧಾನವಾಗಿ ಮಾತಾಡುತ್ತಾರೆ. ಅದೇ ಭಯ. "ಮರಿಸ್ವಾಮಿ, ಈ ಕಾರಿನ ಹೆಡ್ಡು ಈಗ ಅಂಗಡಿಯಲ್ಲಿ ಸಿಗೋದಿಲ್ಲ. ನೀನು ಹಚ್ಚಿದ ಆ ಜಿಡ್ಡಿನಿಂದ ಇದು ಹಾಳಾದರೆ, ಹದಿನೈದು ವರ್ಷ ನಾನು ಈ ಬೀದಿಗೆಲ್ಲ ಹೇಳಿಕೊಂಡು ಬಂದ ಮಾತು ತಪ್ಪಾಗುತ್ತೆ. ತಪ್ಪು ಮಾತನ್ನು ನಾನು ಇಟ್ಟುಕೊಳ್ಳೋದಿಲ್ಲ. ಕಾರು ಎದುರುಗಡೆಗೆ ಹೋಗುತ್ತೆ. ಕೇಳಿದವರಿಗೂ ಎದುರುಗಡೆಯನ್ನೇ ತೋರಿಸುತ್ತೀನಿ."

"ಭಾನುವಾರದವರೆಗೆ ಟೈಮ್ ಕೊಡಿ ಸಾರ್. ಥ್ರೆಡ್ ಕೀಳ್ದೇ ತೆಗೀತೀನಿ."

"ಭಾನುವಾರ. ಮನೆಗೇ ಬಾ."

ಬಿಚ್ಚಿದ ಮೂರು ಪ್ಲಗ್ಗನ್ನು ಒರೆಸಿ, ಎಲ್ಲರೂ ನೋಡುತ್ತಿರುವಾಗಲೇ ಮತ್ತೆ ಬೆಣ್ಣೆ ಹಚ್ಚಿ ಕೂರಿಸಿ ಕಳಿಸಿದ. ಕಾರು ಕುಂಟುತ್ತಲೇ ಹೋಯಿತು. ಬೀರಮ್ಮ ಹೂವಿನ ಜೊತೆ ಸುದ್ದಿಯನ್ನೂ ಮೊಳ ಹಾಕಿ ಕೊಟ್ಟಿರಬೇಕು. ಶುಕ್ರವಾರ ಬೆಳಗ್ಗೆ ಬಂದ ಮೊದಲ ಗಿರಾಕಿ, ಬ್ಯಾಂಕಿನ ವಿಶ್ವನಾಥ್, ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಲೇ ಹೇಳಿದರು. "ಸ್ವಾಮೀ, ಪ್ಲಗ್ ಬದಲಾಯಿಸ್ತೀರಲ್ಲ, ಆ ಬೆಣ್ಣೆ ಮಾತ್ರ ಬೇಡ. ಪ್ಲೇನ್ ಹಾಕಿಬಿಡಿ, ಏನೂ ತಿಳ್ಕೋಬೇಡಿ." ಹೋಟೆಲಿನ ದೋಸೆಗೆ ಹೇಳಿದ ಹಾಗಿತ್ತು. ಮಧ್ಯಾಹ್ನ ಇನ್ನಿಬ್ಬರು ಅದನ್ನೇ ಹೇಳಿದರು. ಮೂರನೆಯವನು ಹೇಳಲೂ ಇಲ್ಲ, ನೇರವಾಗಿ ಎದುರುಗಡೆಗೆ ಹೋದ.

ಮರಿಸ್ವಾಮಿಗೆ ಗಿರಾಕಿ ಹೋದದ್ದಕ್ಕಿಂತ ಹೆಚ್ಚಾಗಿ ಕೊರೆಯುತ್ತಿದ್ದುದು ಬೇರೆ. ವರುಣಾ ಕಡೆಯ ಹಳ್ಳಿಯಲ್ಲಿ ಏರು ಕಟ್ಟುತ್ತಿದ್ದವರ ಮನೆಯಿಂದ ಬಂದವನು. ಸ್ಕೂಲು ಏಳಕ್ಕೇ ಮುಗಿದಿತ್ತು. ಅವನ ಹತ್ತಿರ ಬಿಗಿ ಅಳೆಯುವ ಸ್ಪ್ಯಾನರ್ ಇರಲಿಲ್ಲ, ಪುಸ್ತಕ ಇರಲಿಲ್ಲ. ಇದ್ದದ್ದು ಬಲಗೈ ಒಂದೇ. ಅದೇ ಈಗ ಮರೆಯಲು ಶುರು ಮಾಡಿದೆಯೇ? ವಯಸ್ಸು ನಲವತ್ತೆಂಟು. ಸೆಪ್ಟೆಂಬರ್ ಹದಿನೆಂಟನೇ ತಾರೀಖು ಬೆಣ್ಣೆ ಹಚ್ಚಿದೆನೇ, ಇಲ್ಲವೇ ಅಂತ ನೆನೆಸಿಕೊಳ್ಳಲು ಹೋದ. ಹಚ್ಚಿದ ಹಾಗೇ ನೆನಪು. ಆದರೆ ಎಷ್ಟು ಸಾವಿರ ಪ್ಲಗ್ಗಿಗೆ ಹಚ್ಚಿದವನಿಗೆ ಯಾವ ಪ್ಲಗ್ಗಿನ ನೆನಪು ಇದು ಅಂತ ಹೇಗೆ ಗೊತ್ತಾಗಬೇಕು?

ಸಂಜೆ ಶಿವಲಿಂಗಯ್ಯನವರ ಮನೆಗೆ ಹೋಗಿ, ಕಚ್ಚಿದ ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ತೊಟ್ಟು ತೊಟ್ಟಾಗಿ ಬಿಟ್ಟು ಬಂದ. ಪೇಪರ್ ಓದುತ್ತಿದ್ದ ಸಾಹೇಬರು ತಲೆ ಎತ್ತಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಸಾಲಾಗಿ ಇಟ್ಟು, ಒಂದೊಂದರ ಮುಚ್ಚಳವನ್ನೂ ತಿರುಪಿ ಬಿಗಿ ಮಾಡಿದ. ಕಾಫಿಪುಡಿ, ಉಪ್ಪಿನಕಾಯಿ, ತುಪ್ಪ, ಚಟ್ನಿಪುಡಿ.

ವಸಂತಮ್ಮ ಮುದ್ದೆ ತಿರುವುತ್ತಾ ನೋಡಿದಳು. "ಏನ್ರೀ ಅದು?"

"ಒಂದೊಂದಾಗಿ ಬಿಚ್ಚು. ಎಲ್ಲಾ ಒಂದೇ ಬಿಗಿ ಅವ್ಯಾ ಹೇಳು."

"ನಿಮ್ಗೆ ಆ ಪ್ಲಗ್ಗು ತಲೇಗೆ ಹತ್ಕೊಂಡದೆ" ಅಂದಳು. ಆದರೂ ಕೈ ಒರೆಸಿಕೊಂಡು ಬಂದು ನಾಲ್ಕನ್ನೂ ಬಿಚ್ಚಿದಳು. ಗಂಡನ ಮುಖ ನೋಡಿ ಅವಳಿಗೆ ನಗು ಬರಲಿಲ್ಲ. "ಎಲ್ಲಾ ಒಂದೇ ಅವೆ. ತುಪ್ಪದ್ದು ಒಂದ್ ಚೂರು ಸಲೀಸು."

"ಜಿಡ್ಡು ಅಲ್ವಾ, ಅದುಕ್ಕೆ ಕಮ್ಮಿ ಮಾಡ್ದೆ."

"ಮತ್ತೆ? ಕೈ ನೆಟ್ಟಗೇ ಅದೆಯಲ್ಲ. ಉಣ್ಣಿ ಬನ್ನಿ."

ಉಂಡ. ಆದರೆ ತುಪ್ಪದ ಬಾಟಲಿ ಸಾಕ್ಷಿ ಹೇಳಿದರೆ ಬೀದಿ ಕೇಳುತ್ತದೆಯೇ? ಶನಿವಾರ ಸಂಜೆಯೂ ಹೋಗಿ ಎಣ್ಣೆ ಬಿಟ್ಟು ಬಂದ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶಿವಲಿಂಗಯ್ಯನವರ ಪೋರ್ಟಿಕೋದಲ್ಲಿ ಫಿಯಟ್ಟಿನ ಬಾನೆಟ್ ಎತ್ತಿದ. ಸಾಹೇಬರು ನಾಲ್ಕಡಿ ದೂರದಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಪೇಪರ್ ಬಿಚ್ಚಿದ್ದರು. ಪೇಪರಿನ ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಮರಿಸ್ವಾಮಿ ಎರಡು ನಿಮಿಷ ಇಂಜಿನ್ ಓಡಿಸಿ, ಹೆಡ್ಡು ಉಗುರುಬೆಚ್ಚಗಾದ ಮೇಲೆ ನಿಲ್ಲಿಸಿದ. ಸಾಮಾನ್ಯಕ್ಕೆ ತಣ್ಣಗಿದ್ದಾಗಲೇ ಬಿಚ್ಚಬೇಕು. ಕಚ್ಚಿಕೊಂಡದ್ದಕ್ಕೆ ಮಾತ್ರ ಸ್ವಲ್ಪ ಬಿಸಿ ತಾಗಿಸಿದರೆ ಎಣ್ಣೆ ಒಳಗೆ ಇಳಿಯುತ್ತದೆ. ಕೈಯಾಡಲು ಜಾಗ ಬೇಕೆಂದು ಉಳಿದ ಮೂರು ಪ್ಲಗ್ಗನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ಮೂರೂ ಬೆರಳಲ್ಲೇ ಬಂದವು.

ಅಷ್ಟರಲ್ಲಿ ಪ್ರೇಮಲೀಲಾ ಅಮ್ಮನವರು ಕಾಫಿ ತಂದರು. ಸಾಹೇಬರ ಹೆಂಡತಿ. ಅವರು ಒಂದು ಕಡೆ ನಿಂತರೆಂದರೆ ಅಲ್ಲಿ ಮೌನಕ್ಕೆ ಜಾಗವಿಲ್ಲ.

"ತಗೋಪ್ಪ ಮರಿಸ್ವಾಮಿ. ಇವರು ಮೂರು ದಿನದಿಂದ ಮುಖ ಗಂಟು ಹಾಕಿಕೊಂಡು ಕೂತವರು ನನ್ನ ಹತ್ತಿರವೂ ಮಾತಿಲ್ಲ. ಕಾರು ನಿಂತರೆ ಇವರೂ ನಿಂತುಬಿಡ್ತಾರೆ, ಮದುವೆಯಾದಾಗಿನಿಂದ ಇದೇ ಕಥೆ." ಲೋಟ ಕೊಟ್ಟು ಬಗ್ಗಿದವರು ಪೇಪರಿನ ಮೇಲಿದ್ದ ಪ್ಲಗ್ಗುಗಳನ್ನು ನೋಡಿದರು. "ಅಯ್ಯೋ ಶಿವನೇ, ಮತ್ತೆ ಅದೇ ಜಿಡ್ಡು ಮೆತ್ತಿದ್ದೀಯಲ್ಲಪ್ಪ. ಹಬ್ಬದಲ್ಲಿ ಇದನ್ನು ತೆಗೆಯೋದರೊಳಗೆ ನನ್ನ ಉಗುರೇ ಹೋಗಿತ್ತು."

ಮರಿಸ್ವಾಮಿಯ ಬಾಯಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು. "ಯಾವ ಹಬ್ಬ ಅಮ್ಮಾವ್ರೇ?"

"ಆಯುಧಪೂಜೆ ಕಣಪ್ಪ. ಇನ್ಯಾವ ಹಬ್ಬದಲ್ಲಿ ಪ್ಲಗ್ ತೊಳೀತಾರೆ?"

ಪೇಪರಿನ ಹಾಳೆ ಮಗುಚುವ ಸದ್ದು ನಿಂತಿತು.

"ನೀವು ತೊಳೆದ್ರಾ?"

"ನಾನಲ್ಲದೆ ಇವರಾ ತೊಳೀತಾರೆ? ಇವರು ಕೂತು ಹೇಳಿದ್ದು, ಹೋದ ವರ್ಷವೇ ಮೊದಲ ಸಲ. ಬಾನೆಟ್ ಮೇಲೆ, ಲೈಟಿನ ಮೇಲೆ ಕುಂಕುಮ ಇಡೋದೆಲ್ಲ ಹೊರಗಿನ ಶೋಕಿಯಂತೆ. ಕಾರಿನೊಳಗೆ ದೀಪ ಹಚ್ಚೋದು ಪ್ಲಗ್ಗು, ಪೂಜೆ ಅಂತ ಮಾಡಿದರೆ ಅದಕ್ಕೆ ಮಾಡಬೇಕಂತೆ. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಮನೆಯದು ಅಂತ ದಾರ ಕಟ್ಟಿ ನಂಬರ್ ಹಾಕಿ ತಂದುಕೊಟ್ಟರು. ದೇವರ ಮನೆಗೆ ಎಣ್ಣೆ ಜಿಡ್ಡು ತರೋಕಾಗುತ್ತಾ ಹೇಳು. ಪೂಜೆ ಸಾಮಾನಿನ ಜೊತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ ನೋಡು, ಬೆಳ್ಳಿ ಹಾಗೆ ಬಂದವು. ಬಿಸಿಲಲ್ಲಿ ಒಣಗಿಸಿದೆ. ಇವರು ವಿಭೂತಿ ಕಲಸಿ ಸುತ್ತಲೂ ಹಚ್ಚಿ, ಕುಂಕುಮ ಇಟ್ಟು, ಬಿಲ್ವಪತ್ರೆ ಏರಿಸಿ, ಮಂಗಳಾರತಿ ಮಾಡಿ, ಹಾಗೇ ತಗೊಂಡು ಹೋಗಿ ಹಾಕಿದರು. ಎಷ್ಟು ಬಿಗಿ ಮಾಡಿದರು ಅಂತೀಯ? ಹಬ್ಬದ ದಿನ ಹಾಕಿದ್ದು ಸಡಿಲ ಆಗಬಾರದು ಅಂತ ಬಂಪರಿಗೆ ಕಾಲು ಕೊಟ್ಟು ಎಳೆದರು. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡು ಎರಡು ದಿನ ಮಲಗಿದ್ದರಲ್ಲ, ಎಣ್ಣೆ ತಿಕ್ಕಿದವಳು ನಾನೇ."

ಮರಿಸ್ವಾಮಿ ಲೋಟವನ್ನು ಮಡ್‌ಗಾರ್ಡಿನ ಮೇಲೆ ಇಟ್ಟ. ಮೊದಲು ಅವನು ನೋಡಿದ್ದು ಸಾಹೇಬರನ್ನಲ್ಲ, ತನ್ನ ಬಲಗೈಯನ್ನು. ಬೆರಳು ಒಂದು ಸಲ ಮಡಿಚಿ ಬಿಡಿಸಿದ. ಆಮೇಲೆ ನಗು ಉಕ್ಕಿ ಬಂತು. ವಿಭೂತಿಯ ವಿಷಯಕ್ಕೆ ನಗಬಾರದು ಅಂತ ಬಾನೆಟ್ಟಿನೊಳಗೆ ತಲೆ ಹಾಕಿ, ಏನೋ ಹುಡುಕುವವನ ಹಾಗೆ ಕೆಮ್ಮಿದ. ಬೆಣ್ಣೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೆಗೆದು, ಒಣ ಥ್ರೆಡ್ಡಿಗೆ ಕಲಸಿದ ವಿಭೂತಿ ತುಂಬಿ, ಕಾಲು ಕೊಟ್ಟು ಬಿಗಿದು, ಎಂಟು ತಿಂಗಳು ಇಂಜಿನ್ನಿನ ಬಿಸಿಯಲ್ಲಿ ಬೇಯಿಸಿದರೆ ಯಾವ ಪ್ಲಗ್ಗು ತಾನೇ ಕಚ್ಚದೆ ಇದ್ದೀತು? ಮೂರು ಬಂದದ್ದೇ ಶಿವನ ದಯೆ.

ಪೇಪರು ನಿಧಾನವಾಗಿ ಕೆಳಗಿಳಿಯಿತು. ಶಿವಲಿಂಗಯ್ಯನವರ ಮುಖದಲ್ಲಿ ಸಿಟ್ಟು ಹೋಗಿ ಇನ್ನೇನೋ ಬಂದಿತ್ತು.

"ನಾನು ರಿಪೇರಿ ಮಾಡಲಿಲ್ಲ ಮರಿಸ್ವಾಮಿ. ಪೂಜೆ ಮಾಡಿದೆ."

"ಊ ಸಾರ್."

"ಯಾರಾದ್ರೂ ಬಿಚ್ಚಿದ್ರಾ ಅಂತ ನೀನು ಕೇಳಿದಾಗ ನನಗೆ ಅದು ಹೊಳೀಲೇ ಇಲ್ಲ. ಪೂಜೆ ಬೇರೆ, ಮೆಕ್ಯಾನಿಕ್ ಕೆಲಸ ಬೇರೆ ಅಂತಲೇ ತಲೆಯಲ್ಲಿದ್ದದ್ದು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ."

"ನಂಗೊತ್ತಿಲ್ವಾ ಸಾರ್, ಬುಡಿ."

"ತಪ್ಪು ಏನಿದೆ ಇದರಲ್ಲಿ?" ಅಂದರು ಪ್ರೇಮಲೀಲಾ ಅಮ್ಮ, ಏನಾಯಿತೆಂದು ಇನ್ನೂ ತಿಳಿಯದೆ. "ಅಷ್ಟು ಚೆನ್ನಾಗಿ ತಿಕ್ಕಿದ್ದೆ."

"ನೀನು ಒಂದು ನಿಮಿಷ ಸುಮ್ಮನಿರೇ ಮಾರಾಯ್ತಿ." ಸಾಹೇಬರು ಎದ್ದು ಬಂದು ಬಾನೆಟ್ಟಿನೊಳಗೆ ಬಗ್ಗಿದರು. "ಇದು ಬರುತ್ತಾ?"

ಅದು ಇನ್ನೂ ಗೊತ್ತಿರಲಿಲ್ಲ. ತಪ್ಪು ಯಾರದು ಅಂತ ತಿಳಿದರೂ ಪ್ಲಗ್ಗಿಗೆ ಅದು ತಿಳಿದಿರಲಿಲ್ಲ, ಅದು ಇದ್ದಲ್ಲೇ ಇತ್ತು. ಈಗ ಥ್ರೆಡ್ಡು ಕಿತ್ತು ಬಂದರೆ ಹೆಡ್ಡು ಬಿಚ್ಚಿ ಲೇತಿಗೆ ಕಳಿಸಬೇಕು, ತೂತಿಗೆ ಬುಷ್ ಹೊಡೆಸಿ ಹೊಸ ಥ್ರೆಡ್ಡು ಹಾಕಿಸಬೇಕು, ಅದೂ ನಿಂತರೆ ನಿಂತಿತು.

"ಟಾರ್ಚ್ ಹಿಡ್ಕಳಿ ಸಾರ್. ಅಲ್ಲಲ್ಲ, ಪ್ಲಗ್ಗಿನ ಬುಡಕ್ಕೆ."

ಸ್ಪ್ಯಾನರನ್ನು ಕೂರಿಸಿ, ಬಲಗೈ ಬೆರಳನ್ನು ಅದರ ಕತ್ತಿನ ಮೇಲೆ ಇಟ್ಟುಕೊಂಡ. ಹಿಂದಕ್ಕೆ ಕೂದಲೆಳೆಯಷ್ಟು. ನಿಂತಿತು. ಮತ್ತೆ ಬಿಗಿಯ ಕಡೆಗೆ ಅರ್ಧ ಎಳೆ. ಎಣ್ಣೆ ಎರಡು ತೊಟ್ಟು. ಮತ್ತೆ ಹಿಂದಕ್ಕೆ. ಕಿರ್ರ್ ಅಂದಾಗಲೆಲ್ಲ ಸಾಹೇಬರು ಕತ್ತು ಚಾಚಿ ನೋಡಲು ಹೋಗಿ ಬೆಳಕು ರೇಡಿಯೇಟರಿಗೆ ಹೋಗುತ್ತಿತ್ತು.

"ಸಾರ್, ಬೆಳಕು."

"ಹೂಂ. ಎಳೆದುಬಿಡಬಾರದಾ ಒಂದು ಸಲ?"

"ಎಳೆಯೋದು ನಿಮ್ದು ಆಗೋಗದೆಯಲ್ಲ ಸಾರ್. ಈಗ ಪ್ಲಗ್ಗಿನ ಮಾತು ಕೇಳೋದು ನಂದು."

ಪ್ರೇಮಲೀಲಾ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಸಾಹೇಬರು ಬೆಳಕು ನೆಟ್ಟಗೆ ಹಿಡಿದರು. ಕಾಲು ಗಂಟೆ ಹೀಗೇ ನಡೆಯಿತು. ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಹೆಚ್ಚು. ಕಾಫಿ ಆರಿ ಕೆನೆ ಕಟ್ಟಿತು. ಒಂದು ಸಲ ಬೆರಳಿಗೆ ಏನೋ ಬಿಟ್ಟ ಹಾಗಾಯಿತು. ಹೆಡ್ಡಿನ ಥ್ರೆಡ್ಡು ಹರಿದದ್ದೋ, ಪುಡಿ ಬಿಟ್ಟದ್ದೋ ಗೊತ್ತಾಗಲಿಲ್ಲ. ಮೆಲ್ಲಗೆ ತಿರುಗಿಸಿದ. ಕಿರುಚಾಟ ಕಡಿಮೆಯಾಯಿತು. ಇನ್ನೊಂದು ಸುತ್ತು. ಬುಡದಿಂದ ಬೂದುಬಣ್ಣದ ಕೆಸರು ಎಣ್ಣೆಯ ಜೊತೆ ಮೇಲಕ್ಕೆ ಬಂತು. ಸ್ಪ್ಯಾನರ್ ಬಿಟ್ಟು ಬೆರಳಲ್ಲೇ ತಿರುಗಿಸಿ ಪ್ಲಗ್ಗನ್ನು ಹೊರಗೆ ತೆಗೆದ.

ಟಾರ್ಚು ಇಸಿದುಕೊಂಡು ತೂತಿನೊಳಗೆ ನೋಡಿದ. ಮೇಲಿನ ಒಂದು ಸುತ್ತು ನುಗ್ಗಾಗಿತ್ತು. ಅದರ ಕೆಳಗಿನವೆಲ್ಲ ಚೂಪಾಗಿ, ಹೊಸದರ ಹಾಗೆ ಹೊಳೆಯುತ್ತಿದ್ದವು.

"ಒಂದೇಟು ತಿಂದದೆ. ಉಳಿದದ್ದು ಗಟ್ಟಿ. ನಿಮ್ ಹೆಡ್ಡು ಉಳೀತು ಸಾರ್."

ಶಿವಲಿಂಗಯ್ಯನವರು ಮಡ್‌ಗಾರ್ಡಿಗೆ ಒರಗಿ ನಿಂತರು. ಪ್ರೇಮಲೀಲಾ ಅಮ್ಮನವರು ಆರಿದ ಕಾಫಿ ಬಿಸಿ ಮಾಡಲು ಲೋಟ ಎತ್ತಿಕೊಂಡು ಹೋದರು. ಮರಿಸ್ವಾಮಿ ಥ್ರೆಡ್ಡನ್ನು ಒರೆಸಿ ಒರೆಸಿ ಚೊಕ್ಕಟ ಮಾಡಿ, ತಂದಿದ್ದ ಹೊಸ ಪ್ಲಗ್ಗುಗಳಿಗೆ ಬೆಣ್ಣೆ ಸವರಿ, ನಾಲ್ಕನ್ನೂ ಕೂರಿಸಿದ. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು.

ಹೊರಡುವಾಗ ಗೇಟಿನ ಹತ್ತಿರ ಮೆಲ್ಲಗೆ ಹೇಳಿದ. "ಸಾರ್, ಕೇಳ್ದೋರ್ಗೆ ಪ್ಲಗ್ಗು ಅಳೇದಾಗಿತ್ತು ಅಂತೀನಿ. ಪೂಜೆ ಇಸ್ಯ ಎಲ್ಲೂ ಆಡಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ."

ಸಾಹೇಬರು ಗೇಟಿನ ಚಿಲಕ ಹಾಕಿದರು. ಒಳಗೆ ಹೋದರು. ಮರಿಸ್ವಾಮಿ ಮನೆಗೆ ಹೋಗಿ ವಸಂತಮ್ಮನಿಗೆ ಮಾತ್ರ ಹೇಳಿದ. ಅವಳು ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಆಮೇಲೆ ಗಂಭೀರವಾಗಿ, "ಮತ್ತೆ ಬೀದೀಲಿ ನಿಮ್ ಹೆಸರು?" ಅಂದಳು. ಸಾಹೇಬರ ಮಾನ ಉಳಿಸಿದರೆ ಬೆಣ್ಣೆಯ ಮಾನ ಹೋಗುತ್ತದೆ. ಎರಡನ್ನೂ ಉಳಿಸುವ ಸ್ಪ್ಯಾನರ್ ಅವನ ಪೆಟ್ಟಿಗೆಯಲ್ಲಿರಲಿಲ್ಲ.

ಸೋಮವಾರ ಬೆಳಗ್ಗೆ ಎಂಟೂವರೆಗೆ, ಗ್ಯಾರೇಜಿನ ಮುಂದೆ ಮೂರು ಗಾಡಿ ನಿಂತಿದ್ದ ಹೊತ್ತಿಗೆ, ಶಿವಲಿಂಗಯ್ಯನವರು ಬಂದರು. ವಾಕಿಂಗಿನ ವೇಷವಲ್ಲ. ಗರಿಯಾದ ಪಂಚೆ, ಮುಚ್ಚುಕೋಟು, ಕಚೇರಿಗೆ ಹೋಗುವಾಗ ಹಾಕುತ್ತಿದ್ದಂಥದ್ದು. ಎರಡು ಗ್ಯಾರೇಜಿನ ನಡುವೆ, ರಸ್ತೆಯ ನಟ್ಟನಡುವೆ ಅಳತೆ ಮಾಡಿದ ಹಾಗೆ ನಿಂತರು.

"ಸುಂದರೇಶ, ಬಾಪ್ಪ ಇಲ್ಲಿ. ಬೀರಮ್ಮ, ನೀನೂ ಬಾ. ನೀನು ಮುಖ್ಯವಾಗಿ ಬೇಕು."

ಇಬ್ಬರೂ ಬಂದರು. ಬ್ಯಾಂಕಿನ ವಿಶ್ವನಾಥ್ ಹೆಲ್ಮೆಟ್ ತೆಗೆದು ನಿಂತರು. ಮರಿ‌ಸ್ವಾಮಿ ಬೇಡ ಸಾರ್ ಅನ್ನುವಂತೆ ಕೈಯಾಡಿಸಿದ. ಅವರು ಅತ್ತ ನೋಡಲೇ ಇಲ್ಲ.

"ಗುರುವಾರ ನಾನು ಇದೇ ಜಾಗದಲ್ಲಿ ಒಂದು ಮಾತು ಹೇಳಿದೆ. ಅದಕ್ಕೆ ತಿದ್ದುಪಡಿ ಇದೆ. ಪ್ಲಗ್ಗು ಕಚ್ಚಿದ್ದು ಮರಿಸ್ವಾಮಿಯ ಬೆಣ್ಣೆಯಿಂದ ಅಲ್ಲ. ಹೋದ ಆಯುಧಪೂಜೆಯಲ್ಲಿ ನಾನು ಪ್ಲಗ್ ಬಿಚ್ಚಿ, ಬೆಣ್ಣೆ ತೊಳೆಸಿ, ವಿಭೂತಿ ಹಚ್ಚಿ, ಅಳತೆ ಮೀರಿ ಬಿಗಿ ಮಾಡಿದೆ. ಹದ್ದುಬಸ್ತು ಮೀರಿದ್ದು ನಾನು. ಅದನ್ನು ಥ್ರೆಡ್ ಕೀಳದೆ ತೆಗೆದವನು ಮರಿಸ್ವಾಮಿ. ನಿನ್ನೆ ಈ ವಿಷಯ ಮುಚ್ಚಿಡುತ್ತೀನಿ ಅಂತಲೂ ಹೇಳಿದ. ಅದು ನನಗೆ ಒಪ್ಪಿಗೆಯಾಗಲಿಲ್ಲ."

ಬೀರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಸುಂದರೇಶನಿಗೆ ಬೆಳಗ್ಗೆ ಬೆಳಗ್ಗೆ ಇಂಥ ಊಟ ಸಿಕ್ಕಿ, ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

"ಸಾರ್, ಪ್ಲಗ್ಗಿಗೆ ವಿಭೂತೀನಾ?"

"ಹೌದು. ನಗೋದಾದರೆ ಈಗಲೇ ನಕ್ಕುಬಿಡು. ನಾಳೆ ವಾಕಿಂಗಿಗೆ ಬಂದಾಗ ನಗಬೇಡ."

ಸುಂದರೇಶ ನಕ್ಕ, ಬೀರಮ್ಮ ನಕ್ಕಳು, ವಿಶ್ವನಾಥ್ ಹೆಲ್ಮೆಟ್ ಅಡ್ಡ ಹಿಡಿದುಕೊಂಡು ನಕ್ಕರು. ಕಡೆಗೆ ಸಾಹೇಬರ ಮೀಸೆಯೂ ಒಂದು ಸಲ ಅಲುಗಿತು. ನಗು ಮುಗಿದ ಮೇಲೆ ವಿಶ್ವನಾಥ್ ಮರಿಸ್ವಾಮಿಯ ಹತ್ತಿರ ಸರಿದು ಗಂಟಲು ಸರಿ ಮಾಡಿಕೊಂಡರು. "ಶುಕ್ರವಾರ ಪ್ಲೇನ್ ಹಾಕಿದ್ರಲ್ಲ, ಅದನ್ನು ಬಿಚ್ಚಿ ಬೆಣ್ಣೆ ಹಚ್ಚಿಬಿಡಿ. ಸಂಜೆ ತಗೊಂಡು ಹೋಗ್ತೀನಿ."

ಶಿವಲಿಂಗಯ್ಯನವರು ಶೆಡ್ಡಿನೊಳಗೆ ಬಂದರು. ಕೋಟಿನ ಜೇಬಿನಿಂದ ಕಾರಿನ ಪ್ಲಗ್ ಸ್ಪ್ಯಾನರ್ ತೆಗೆದು ಮೇಜಿನ ಮೇಲೆ ಇಟ್ಟರು. "ಇದು ನಿನ್ನ ಹತ್ತಿರ ಇರಲಿ. ಮನೆಯಲ್ಲಿದ್ದರೆ ಅಕ್ಟೋಬರ್ ಬಂದಾಗ ನನ್ನ ಕೈ ಸುಮ್ಮನಿರೋದಿಲ್ಲ. ಪೂಜೆ ಬಿಡೋಕೆ ನನ್ನ ಮನಸ್ಸು ಒಪ್ಪೋದಿಲ್ಲ ಕಣಯ್ಯ, ನಿಜ ಹೇಳ್ತೀನಿ."

ಮರಿಸ್ವಾಮಿ ಸ್ಪ್ಯಾನರನ್ನು ಎತ್ತಿ ಅವರ ಕೈಗೇ ವಾಪಸ್ಸು ಕೊಟ್ಟ. "ಪೂಜೆ ಯಾಕ್ ಬುಡ್ತೀರಾ ಸಾರ್? ಹಬ್ಬದ ದಿನ ನಾನೇ ಬತ್ತೀನಿ. ಬಿಚ್ಚಿ ತಟ್ಟೇಲಿಟ್ಟು ಕೊಡ್ತೀನಿ. ವಿಭೂತಿ ಮೇಲುಗಡೆ ಬೆಳ್ಳಗೆ ಪಿಂಗಾಣಿ ಅದೆಯಲ್ಲ, ಅಲ್ಲಿ ಒಂದ್ ಚೂರು ಇಟ್ಟು ಮಂಗಳಾರತಿ ಮಾಡಿ. ಆಮೇಲೆ ಒರೆಸ್ಕೊಂಡು, ಥ್ರೆಡ್ಡಿಗೆ ಹಚ್ಚೋದೂ ಬಿಗಿ ಮಾಡೋದೂ ನನಗೆ ಬುಡಿ. ಹುಣಸೇಹಣ್ಣು ಮಾತ್ರ ಬ್ಯಾಡ ಅಂತ ಅಮ್ಮಾವ್ರಿಗೆ ಒಂದ್ ಮಾತು ಹೇಳ್ಬುಡಿ."

ಶಿವಲಿಂಗಯ್ಯನವರು ಸ್ಪ್ಯಾನರನ್ನು ಜೇಬಿಗೆ ಇಳಿಬಿಟ್ಟು, ಹೊರಡಲು ತಿರುಗಿದರು.

"ಅದನ್ನು ನೀನೇ ಹೇಳಪ್ಪ" ಅಂದರು.